ಗುಂಡಿಯ ಬೆನ್ನು ನೋಡಿ ಕಾಲ ಹೇಳುವುದು: ಕೋಲಾರ ಸೀಮೆಯ ಹಳೆಯ ಗುಂಡಿ, ಬಕಲ್ಲುಗಳು

ಕುಂಟೆ ಹೊಡೆದ ಹೊಲದ ಮೇಲೆ ಒಂದು ಜೋರು ಮಳೆ ಬಿದ್ದು ನಿಂತ ಮಾರನೆಯ ಬೆಳಿಗ್ಗೆ, ಕೆಮ್ಮಣ್ಣಿನ ಮೇಲೆ ಹಸಿರು ಚುಕ್ಕೆ ಕಂಡರೆ ಅಲ್ಲಿ ತಾಮ್ರವೋ ಹಿತ್ತಾಳೆಯೋ ಇರುತ್ತದೆ. ಬಾಗಿ ಎತ್ತಿಕೊಂಡರೆ ಬಹಳ ಸಲ ಅದು ಕಾಸಾಗಿರುವುದಿಲ್ಲ, ಅಂಗಿಯ ಗುಂಡಿ. ಬಂಗಾರಪೇಟೆ, ಕೆಜಿಎಫ್ ಸುತ್ತಮುತ್ತ, ನಂದಿಬೆಟ್ಟದ ತಪ್ಪಲಿನ ಹೊಲಗಳಲ್ಲಿ, ಶಿರಾ, ಮಧುಗಿರಿ ಕಡೆ ಇಂಥವು ಆಗಾಗ ಮೇಲೆ ಬರುತ್ತವೆ. ಬರದೆ ಏನು ಮಾಡಿಯಾವು? ಈ ನೆಲದ ಮೇಲೆ ದಂಡು ಹಾದಿದೆ, ರೈಲು ಬಂದಿದೆ, ಚಿನ್ನದ ಗಣಿ ನೂರಿಪ್ಪತ್ತು ವರ್ಷ ನಡೆದಿದೆ. ಇವೆಲ್ಲ ಯೂನಿಫಾರಂ ತೊಟ್ಟವರ ಕೆಲಸಗಳು, ಯೂನಿಫಾರಂ ಎಂದಮೇಲೆ ಗುಂಡಿ ಉದುರಲೇಬೇಕು.

ಸಿಕ್ಕವರು ಮೊದಲು ನೋಡುವುದು ಮುಖವನ್ನು. ಕಿರೀಟ ಇದೆಯೇ, ಸಿಂಹ ಇದೆಯೇ, ಟಿಪ್ಪು ಕಾಲದ್ದೇ ಎಂದು ಕೇಳುತ್ತಾರೆ. ನಾನು ಹೇಳುವುದು ಒಂದೇ: ತಿರುಗಿಸಿ ಬೆನ್ನು ನೋಡಿ. ಮುಖ ನೋಡಿದರೆ ಅದು ಯಾರ ಅಂಗಿಯ ಮೇಲಿತ್ತು ಎಂಬುದು ತಿಳಿಯುತ್ತದೆ. ಯಾವಾಗ ಮಾಡಿದ್ದು ಎಂಬುದಕ್ಕೆ ಕೊಂಡಿ (ಬೆನ್ನಿನಲ್ಲಿ ದಾರ ತೂರಿಸುವ ಬಳೆ) ಕೂರಿಸಿದ ರೀತಿ, ಅಂಚು ಮಡಿಸಿದ ರೀತಿ, ಬೆನ್ನಿನ ಅಕ್ಷರ ಇವೇ ಗಟ್ಟಿ ಸಾಕ್ಷಿ. ಮುಖದ ಚಿಹ್ನೆ ಐವತ್ತು ವರ್ಷ ಬದಲಾಗದೆ ಇರಬಹುದು. ಮಾಡುವ ವಿಧಾನ ಮಾತ್ರ ಬದಲಾಗುತ್ತಲೇ ಬಂದಿದೆ.

ಮೊದಲು ಹುಣಸೆಹಣ್ಣನ್ನು ಪಕ್ಕಕ್ಕಿಡಿ

ನಮ್ಮ ಮನೆಗಳಲ್ಲಿ ಹಿತ್ತಾಳೆ ಕಂಡ ಕೂಡಲೆ ಕೈ ಹುಣಸೆಹಣ್ಣಿಗೆ ಹೋಗುತ್ತದೆ. ತಂಬಿಗೆಗೆ ಅದು ಸರಿ, ಮಣ್ಣಿನಿಂದ ಬಂದ ಗುಂಡಿಗೆ ಅದೇ ಕೊನೆ. ಹಳೆಯ ಗುಂಡಿಗಳ ಮೇಲಿನ ಗಿಲೀಟು ಕೂದಲಿಗಿಂತ ಎಷ್ಟೋ ತೆಳುವಾದ ಚಿನ್ನದ ಪದರ. ನೆಲದಲ್ಲಿದ್ದಷ್ಟು ಕಾಲ ಆ ಪದರದ ಸಣ್ಣ ಸಣ್ಣ ತೂತುಗಳಲ್ಲಿ ಕಿಲುಬು ಹುಟ್ಟಿ, ಚಿನ್ನವನ್ನು ಕೆಳಗಿನಿಂದ ಎತ್ತಿ ಹಿಡಿದಿರುತ್ತದೆ. ಹುಳಿ ಆ ಕಿಲುಬನ್ನು ಕರಗಿಸಿದರೆ ಚಿನ್ನಕ್ಕೆ ಆಸರೆ ಇಲ್ಲ, ಎರಡೂ ಒಟ್ಟಿಗೆ ನೀರಿಗೆ ಹೋಗುತ್ತವೆ. ಜೊತೆಗೆ ಹುಳಿಯು ಹಿತ್ತಾಳೆಯ ಸತುವನ್ನು ಮೊದಲು ತಿನ್ನುತ್ತದೆ. ಉಳಿದ ತಾಮ್ರ ಗುಲಾಬಿ ಬಣ್ಣಕ್ಕೆ ತಿರುಗಿ ಮೇಲ್ಮೈ ಪುಡಿಯಾಗುತ್ತದೆ. ಗುಂಡಿ ಗುಲಾಬಿ ಕಂಡರೆ ಹುಳಿಯಲ್ಲಿ ಮುಳುಗಿತ್ತು ಎಂದೋ, ಹುಳಿ ಮಣ್ಣಿನಲ್ಲಿ ಬಹಳ ಕಾಲ ಬಿದ್ದಿತ್ತು ಎಂದೋ ತಿಳಿಯಬೇಕು. ನಿಂಬೆಹಣ್ಣು, ವಿನೆಗರ್, ಪೀತಾಂಬರಿ ಪುಡಿ, ಬ್ರಾಸೊ ಎಲ್ಲದಕ್ಕೂ ಇದೇ ಮಾತು. ಪಾಲಿಶ್ ಮಾಡಿದರೆ ಅಕ್ಷರದ ಚೂಪು ಹೋಗುತ್ತದೆ. ಅಕ್ಷರ ಹೋದಮೇಲೆ ಗುರುತಿಸುವುದು ಹೇಗೆ?

ಮಾಡಬೇಕಾದದ್ದು ಸ್ವಲ್ಪವೇ. ಗುಂಡಿಯನ್ನು ಒಂದೆರಡು ದಿನ ನೆರಳಿನಲ್ಲಿ ಒಣಗಲು ಬಿಡಿ. ಒಣಗಿದ ಕೆಮ್ಮಣ್ಣು ತಾನೇ ಬಿರಿಯುತ್ತದೆ, ಬಿದಿರಿನ ಹಲ್ಲುಕಡ್ಡಿಯಿಂದ ಮೆಲ್ಲಗೆ ಎಬ್ಬಿಸಬಹುದು. ಪಿನ್ನು, ಬ್ಲೇಡು, ತಂತಿಯ ಬ್ರಷ್ಷು ಬೇಡ. ಆಮೇಲೆ ಬೇಕೆನಿಸಿದರೆ ಮಾತ್ರ ಡಿಸ್ಟಿಲ್ಡ್ ವಾಟರಿನಲ್ಲಿ, ಅಂದರೆ ಬ್ಯಾಟರಿ ಅಂಗಡಿಯಲ್ಲಿ ಸಿಗುವ ಸಾದಾ ನೀರಿನಲ್ಲಿ, ಮೆದು ಬ್ರಷ್ಷಿನಿಂದ ತೊಳೆಯಿರಿ. ಆಸಿಡ್ ಬೆರೆಸಿದ ಬಾಟಲಿಯೂ ಅದೇ ಅಂಗಡಿಯಲ್ಲಿರುತ್ತದೆ, ಲೇಬಲ್ ಓದಿ ಕೊಳ್ಳಿ. ನಮ್ಮ ಜಿಲ್ಲೆಗಳ ಬೋರ್‌ವೆಲ್ ನೀರು ಗಡಸು. ಅದರಲ್ಲಿ ತೊಳೆದರೆ ಒಣಗಿದಮೇಲೆ ಬಿಳಿ ಪೊರೆ ಕಟ್ಟಿ ಅಕ್ಷರಗಳ ಸಂದು ತುಂಬಿಕೊಳ್ಳುತ್ತದೆ. ತೊಳೆದ ಕೂಡಲೆ ಹತ್ತಿ ಬಟ್ಟೆಯ ಮೇಲಿಟ್ಟು ಗಾಳಿಯಲ್ಲಿ ಪೂರ್ತಿ ಒಣಗಿಸಬೇಕು. ಬೆನ್ನಲ್ಲಿ ತಗಡು ಇರುವ ಎರಡು ತುಂಡಿನ ಗುಂಡಿಯನ್ನು ನೀರಲ್ಲಿ ನೆನೆಹಾಕಲೇಬಾರದು. ಒಳಗೆ ಸೇರಿದ ನೀರು ಹೊರಗೆ ಬರುವುದಿಲ್ಲ, ಒಳಗಿನಿಂದ ತುಕ್ಕು ಹಿಡಿದು ಮುಖವೇ ಉಬ್ಬಿ ಒಡೆಯುತ್ತದೆ.

ಕಿಲುಬಿನಲ್ಲೂ ಎರಡು ಬಗೆ. ಗಟ್ಟಿಯಾಗಿ, ನಯವಾಗಿ, ಕಡುಹಸಿರು ಇಲ್ಲವೇ ಕಂದು ಬಣ್ಣದಲ್ಲಿ ಅಂಟಿಕೊಂಡದ್ದು ಗುಂಡಿಗೆ ರಕ್ಷೆ, ಅದನ್ನು ಹಾಗೇ ಬಿಡಿ. ಉಗುರು ತಾಗಿದರೆ ಉದುರುವ ತಿಳಿಹಸಿರು ಪುಡಿ ಚುಕ್ಕೆಚುಕ್ಕೆಯಾಗಿ ಎದ್ದಿದ್ದರೆ ಅದು ಉಪ್ಪಿನಂಶದಿಂದ ಬಂದ ರೋಗ. ಗಾಳಿಯ ತೇವ ಸಿಕ್ಕಷ್ಟು ದಿನ ತಿನ್ನುತ್ತಲೇ ಇರುತ್ತದೆ. ಅಂಥದ್ದನ್ನು ಬೇರೆ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಮುಚ್ಚಿಡಬೇಕು.

ಓದಲು ಬೇಕಾದ ಸಾಮಾನು: ಗಡಿಯಾರ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವಂಥ ಹತ್ತು ಪಟ್ಟಿನ ಭೂತಗನ್ನಡಿ, ಅಗಲ ಅಳೆಯಲು ಒಂದು ವರ್ನಿಯರ್ ಕ್ಯಾಲಿಪರ್, ಒಂದು ಸಣ್ಣ ಮ್ಯಾಗ್ನೆಟ್, ಒಂದು ಟಾರ್ಚು. ಟಾರ್ಚನ್ನು ಮೇಲಿನಿಂದ ಬಿಡಬೇಡಿ. ಗುಂಡಿಯನ್ನು ಮೇಜಿನ ಮೇಲಿಟ್ಟು ಪಕ್ಕದಿಂದ, ಮೇಜಿಗೆ ತಾಗುವಷ್ಟು ತಗ್ಗಿನಿಂದ ಬೆಳಕು ಹಾಯಿಸಿ, ಗುಂಡಿಯನ್ನು ಸುತ್ತ ತಿರುಗಿಸುತ್ತಾ ಹೋಗಿ. ಬರಿಗಣ್ಣಿಗೆ ಸಪಾಟಾಗಿ ಕಂಡ ಬೆನ್ನಿನಲ್ಲಿ ನೆರಳಿನಿಂದ ಅಕ್ಷರಗಳು ಎದ್ದು ಬರುತ್ತವೆ. ಪ್ರತಿ ಕಾಲು ಸುತ್ತಿಗೆ ಒಂದರಂತೆ ಫೋಟೋ ತೆಗೆದಿಟ್ಟುಕೊಂಡರೆ, ಒಂದರಲ್ಲಿ ಕಾಣದ ಅಕ್ಷರ ಇನ್ನೊಂದರಲ್ಲಿ ಕಾಣುತ್ತದೆ.

ಬೆನ್ನು ಹೇಳುವುದು

ಒಂದೇ ತುಂಡಿನ ಚಪ್ಪಟೆ ಗುಂಡಿಯಿಂದ ಶುರು ಮಾಡೋಣ. ಬೂದು ಬಣ್ಣ, ಮೆದು ಲೋಹ, ಬೆನ್ನಲ್ಲಿ ಎರಕದ ಜೋಡಣೆಯ ಗೆರೆ, ಕೊಂಡಿಯೂ ಅದೇ ಲೋಹದ್ದು ಅಥವಾ ಕೊಂಡಿ ಇದ್ದ ಜಾಗದಲ್ಲಿ ಕಬ್ಬಿಣದ ತುಕ್ಕು: ಇದು ತವರವೇ ಹೆಚ್ಚಿರುವ ಪ್ಯೂಟರ್. ಬ್ರಿಟಿಷ್ ದಂಡಿನ ಸಾಮಾನ್ಯ ಸಿಪಾಯಿಗಳ ಕೋಟಿಗೆ 1855ರವರೆಗೆ ಪ್ಯೂಟರ್ ಗುಂಡಿ, ಅಲ್ಲಿಂದ ಮುಂದೆ ಹಿತ್ತಾಳೆ. ರೆಜಿಮೆಂಟಿನ ನಂಬರನ್ನು ಗುಂಡಿಯ ಮೇಲೆ ಹಾಕಬೇಕೆಂಬ ಆಜ್ಞೆ ಬಂದದ್ದು 1767ರಲ್ಲಿ. ಹಾಗಾಗಿ ನಂಬರಿರುವ ಪ್ಯೂಟರ್ ಗುಂಡಿಯನ್ನು 1767 ಮತ್ತು 1855ರ ನಡುವೆ ಇಡಬಹುದು. ಟಿಪ್ಪುವಿನ ಮೇಲೆ ಯುದ್ಧಕ್ಕೆ ಬಂದ ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸನ ಸೈನ್ಯ ನಂದಿದುರ್ಗವನ್ನು ಹಿಡಿದದ್ದು 1791ರ ಅಕ್ಟೋಬರಿನಲ್ಲಿ. ಆ ದಂಡಯಾತ್ರೆಯ ಗುಂಡಿ ಎಂದು ಯಾರಾದರೂ ತೋರಿಸಿದರೆ ಅದು ಈ ಬಗೆಯದ್ದಿರಬೇಕು, ಇಲ್ಲವೇ ಅಧಿಕಾರಿಯ ಗಿಲೀಟು ಅಥವಾ ಬೆಳ್ಳಿಯ ತಗಡಿನದ್ದಿರಬೇಕು. ಉಬ್ಬಿದ ಮುಖ, ಮಡಿಸಿದ ಅಂಚು ಇರುವ ಹಿತ್ತಾಳೆ ಗುಂಡಿಯನ್ನು ಆ ಯುದ್ಧಕ್ಕೆ ಕಟ್ಟಲಾಗದು. ಮುಖಕ್ಕೂ ಬೆನ್ನಿಗೂ ತಗಡು ಹಾಕಿ ಅಂಥ ಗುಂಡಿ ಮಾಡುವ ವಿಧಾನ ಆಗ ಇನ್ನೂ ನೆಲೆಗೊಂಡಿರಲಿಲ್ಲ.

ಹದಿನೆಂಟನೆಯ ಶತಮಾನದ ಕೊನೆ ಮತ್ತು ಹತ್ತೊಂಬತ್ತರ ಆರಂಭದ ಚಪ್ಪಟೆ ಹಿತ್ತಾಳೆ ಗುಂಡಿಗೆ ತಂತಿಯ ಕೊಂಡಿಯನ್ನು ಬೆಸುಗೆ ಹಾಕಿರುತ್ತಾರೆ. ತಂತಿಯ ಎರಡೂ ತುದಿಗಳು ಹೊರಕ್ಕೆ ಪಾದ ಚಾಚಿದಂತೆ ಅಂಟಿದ್ದರೆ ಅದು ಈ ಕಾಲಕ್ಕೆ ಒಪ್ಪುವ ಲಕ್ಷಣ. ಕೊಂಡಿ ಮುರಿದು ಹೋಗಿದ್ದರೂ ಬೆಸುಗೆಯ ಎರಡು ಕಲೆ ಉಳಿದಿರುತ್ತವೆ, ಅವನ್ನು ತುಕ್ಕು ಎಂದುಕೊಂಡು ಕೆರೆಯಬೇಡಿ. ಇವುಗಳ ಬೆನ್ನಲ್ಲಿ ಕೊಂಡಿಯ ಸುತ್ತ 'ಗಿಲ್ಟ್', 'ಟ್ರೆಬಲ್ ಗಿಲ್ಟ್', 'ಪ್ಲೇಟೆಡ್', 'ಸ್ಟ್ಯಾಂಡರ್ಡ್ ಕಲರ್', 'ಎಕ್ಸ್‌ಟ್ರಾ ರಿಚ್' ಎಂಬ ಇಂಗ್ಲಿಷ್ ಮಾತುಗಳಿರುತ್ತವೆ. ಇವು ಕಂಪನಿಯ ಹೆಸರಲ್ಲ, ಗುಣಮಟ್ಟದ ಮಾತು. 1796ರಲ್ಲಿ ಬ್ರಿಟನ್ನಿನಲ್ಲಿ ಬಂದ ಕಾನೂನಿನಂತೆ 'ಗಿಲ್ಟ್' ಎಂದು ಬರೆಯಬೇಕಾದರೆ ಒಂದು ಇಂಚು ಅಗಲದ ಒಂದು ಗ್ರೋಸ್, ಅಂದರೆ 144 ಗುಂಡಿಗಳಿಗೆ 5 ಗ್ರೇನ್ (ಗ್ರಾಮಿನ ಮೂರನೆಯ ಒಂದು ಭಾಗದಷ್ಟು) ಚಿನ್ನ ಬಿದ್ದಿರಬೇಕಿತ್ತು. ಆದ್ದರಿಂದ ಈ ಮಾತುಗಳಿರುವ ಚಪ್ಪಟೆ ಗುಂಡಿಗಳ ಕಾಲ ಹೆಚ್ಚು ಕಡಿಮೆ 1790ರಿಂದ 1840ರ ದಶಕ.

ಆಮೇಲೆ ಎರಡು ತುಂಡಿನ ಗುಂಡಿ. ಮುಖದ ತಗಡು ಬೇರೆ, ಬೆನ್ನಿನ ತಗಡು ಬೇರೆ. ಮುಖದ ಅಂಚನ್ನು ಬೆನ್ನಿನ ಮೇಲೆ ಮಡಿಸಿ ಒತ್ತಿರುತ್ತಾರೆ, ಕಡುಬಿನ ಅಂಚು ಮಡಿಸುತ್ತೇವಲ್ಲ ಹಾಗೆ. ಬರ್ಮಿಂಗ್‌ಹ್ಯಾಮಿನ ಸ್ಯಾಂಡರ್ಸ್ ಎಂಬಾತ 1813ರ ಸುಮಾರಿಗೆ ಈ ವಿಧಾನವನ್ನು ನೆಲೆಗೊಳಿಸಿದ. 1825ರಲ್ಲಿ ಅವನ ಮಗ ಲೋಹದ ಕೊಂಡಿಯ ಬದಲು ಬಟ್ಟೆಯ ಕುಚ್ಚು ಇಡುವ ಪೇಟೆಂಟ್ ಪಡೆದ. ಬೆನ್ನಿನ ನಡುವೆ ದುಂಡು ತೂತು ಮಾತ್ರ ಇದ್ದು ಕೊಂಡಿಯ ಗುರುತೇ ಇಲ್ಲದಿದ್ದರೆ ಬಟ್ಟೆಯ ಕುಚ್ಚು ಕೊಳೆತು ಹೋಗಿದೆ ಎಂದು ತಿಳಿಯಿರಿ, ಅದು 1825ಕ್ಕಿಂತ ಈಚಿನದು. ಬೆನ್ನಿಗೆ ಮ್ಯಾಗ್ನೆಟ್ ಗಟ್ಟಿಯಾಗಿ ಹಿಡಿದರೆ ಬೆನ್ನು ಕಬ್ಬಿಣದ ತಗಡು. ಅಗ್ಗದ ಗುಂಡಿಗಳಲ್ಲಿ ಇದು ಸಾಮಾನ್ಯ, ಸುಮಾರಾಗಿ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಿಂದ ಈಚೆಗೆ ಸೇರುತ್ತದೆ.

ತಯಾರಕರ ಹೆಸರು ಓದಲು ಸಿಕ್ಕರೆ ಅದೇ ದೊಡ್ಡ ಲಾಭ. ಫರ್ಮಿನ್, ಜೆ.ಆರ್. ಗಾಂಟ್, ಸ್ಮಿತ್ ಅಂಡ್ ರೈಟ್, ಜೆನೆನ್ಸ್ ಇವೆಲ್ಲ ಲಂಡನ್, ಬರ್ಮಿಂಗ್‌ಹ್ಯಾಮ್ ಮನೆತನಗಳು. ಹೆಸರೊಂದೇ ಕಾಲ ಹೇಳುವುದಿಲ್ಲ, ಫರ್ಮಿನ್ನಿನವರು ಹದಿನೇಳನೆಯ ಶತಮಾನದಿಂದಲೂ ಇದ್ದರು. ಹೆಸರಿನ ಬಾಲ ನೋಡಿ. 'ಲಿಮಿಟೆಡ್' ಎಂಬ ಮಾತು 1855ರ ಕಾನೂನಿನ ನಂತರದ್ದು. 'ಮೇಡ್ ಇನ್ ಇಂಗ್ಲೆಂಡ್' ಎಂದು ಪೂರ್ತಿ ಬರೆದಿದ್ದರೆ ಬಹುತೇಕ ಇಪ್ಪತ್ತನೆಯ ಶತಮಾನದ್ದು. ಹೊರದೇಶದ ಮಾಲಿನ ಮೇಲೆ ಊರು, ದೇಶದ ಗುರುತು ಸರಿಯಾಗಿರಬೇಕೆಂಬ ಕಾಯ್ದೆ ಬ್ರಿಟನ್ನಿನಲ್ಲಿ 1887ರಲ್ಲಿ, ಭಾರತದಲ್ಲಿ 1889ರಲ್ಲಿ ಬಂತು.

ಕೊಂಡಿಯಲ್ಲಿ ಕೀ ಚೈನಿನಂಥ ಸುರುಳಿ ಉಂಗುರ ಸಿಕ್ಕಿಕೊಂಡಿದ್ದರೆ ಖುಷಿಪಡಿ, ಅದು ನಮ್ಮ ದೇಶದ ಹವೆಗೆ ಹೊಂದಿಸಿಕೊಂಡ ಗುಂಡಿ. ತೆಳು ಖಾಕಿ ಅಂಗಿಯನ್ನು ದೋಬಿ ಕಲ್ಲಿಗೆ ಬಡಿದರೆ ಹಿತ್ತಾಳೆ ಗುಂಡಿ ಉಳಿಯದು, ಬಟ್ಟೆಯೂ ಉಳಿಯದು. ಅದಕ್ಕೇ ಗುಂಡಿಯನ್ನು ಹೊಲಿಯದೆ, ಬಟ್ಟೆಯ ತೂತಿನಿಂದ ಕೊಂಡಿ ತೂರಿಸಿ ಹಿಂದಿನಿಂದ ಉಂಗುರ ಹಾಕುತ್ತಿದ್ದರು. ಒಗೆಯುವ ಮುಂಚೆ ಬಿಚ್ಚುವುದು, ಇಸ್ತ್ರಿಯಾದ ಮೇಲೆ ಹಾಕುವುದು. ಬಿಚ್ಚಿ ಹಾಕುವ ವಸ್ತು ಕಳೆಯುವುದೂ ಸುಲಭ, ದಂಡಿನ ಬೀಡಿದ್ದ ಕಡೆ ಇವು ಸಿಗುವುದಕ್ಕೆ ಅದೂ ಒಂದು ಕಾರಣ.

ಈಗ ಮುಖಕ್ಕೆ ಬರೋಣ

ಕಿರೀಟದ ಮೇಲಿನ ಎರಡು ಕಮಾನು ನೋಡಿ. ನಡುವೆ ತಗ್ಗಿ, ಎರಡು ಭುಜ ಎದ್ದಂತಿದ್ದರೆ ಅದು ವಿಕ್ಟೋರಿಯಾ ಕಾಲದ ರೂಪ. ಬೋರಲು ಹಾಕಿದ ಬಟ್ಟಲಿನಂತೆ ದುಂಡಗೆ ಮೇಲೇರಿದ್ದರೆ 1901ರಿಂದ 1952ರವರೆಗಿನ ರಾಜರ ಕಿರೀಟ. 1953ರಿಂದ ಎರಡನೆಯ ಎಲಿಜಬೆತ್ ಕಾಲಕ್ಕೆ ಮತ್ತೆ ತಗ್ಗಿದ ಕಿರೀಟ ಬಂತು. ಇಂಗ್ಲೆಂಡಿನ ಪುಸ್ತಕ ಹಿಡಿದು ಕೂತರೆ ಇಲ್ಲಿ ಗೊಂದಲವಾಗುತ್ತದೆ, ನಮಗೆ ಅದು ಇಲ್ಲ. 1950ರ ಜನವರಿ 26ರಿಂದ ನಮ್ಮ ಸರ್ಕಾರಿ ಉಡುಪಿನ ಮೇಲೆ ನಾಲ್ಕು ಸಿಂಹದ ಲಾಂಛನ ಬಂತು. ಎಲಿಜಬೆತ್ ಕಿರೀಟ ಕೋಲಾರದ ಹೊಲಕ್ಕೆ ಬರಲು ದಾರಿಯಿಲ್ಲ. ಇಲ್ಲಿ ತಗ್ಗಿದ ಕಿರೀಟ ಎಂದರೆ ವಿಕ್ಟೋರಿಯಾ ಅಥವಾ ಅದಕ್ಕೂ ಹಿಂದಿನದು ಎಂದು ಧೈರ್ಯವಾಗಿ ಬರೆಯಬಹುದು.

ಹೆಚ್ಚಾಗಿ ಸಿಗುವುದು ಸಿಂಹ ಮತ್ತು ಒಂಟಿಕೊಂಬಿನ ಕುದುರೆ ಗುರಾಣಿಯನ್ನು ಹಿಡಿದು ನಿಂತ ಹಿತ್ತಾಳೆ ಗುಂಡಿ. 1871ರಲ್ಲಿ ಬ್ರಿಟಿಷ್ ಕಾಲ್ದಳದ ಸಾಮಾನ್ಯ ಸಿಪಾಯಿಗಳ ನಂಬರ್ ಗುಂಡಿಗಳನ್ನು ತೆಗೆದು ಎಲ್ಲರಿಗೂ ಈ ಒಂದನ್ನೇ ಕೊಟ್ಟರು. 1924ರಲ್ಲಿ ರೆಜಿಮೆಂಟಿನ ಗುಂಡಿಗಳು ಮರಳಿ ಬಂದವು, ಸ್ವಂತ ಗುಂಡಿಯಿಲ್ಲದ ದಳಗಳು ಆಮೇಲೂ ಇದನ್ನೇ ಬಳಸಿದವು. ಗುರಾಣಿಯ ಒಳಗನ್ನೂ ಭೂತಗನ್ನಡಿ ಇಟ್ಟು ನೋಡಿ. ನಡುವೆ ಇನ್ನೊಂದು ಪುಟ್ಟ ಗುರಾಣಿ ಕೂತಿದ್ದರೆ ಅದು 1801ರಿಂದ 1837ರವರೆಗಿನ ರಾಜಲಾಂಛನ. ಪುಟ್ಟ ಗುರಾಣಿ ಇಲ್ಲದಿದ್ದರೆ 1837ರಿಂದ ಈಚೆಗೆ. ಗುರಾಣಿಯ ಒಂದು ಭಾಗದಲ್ಲಿ ಫ್ರಾನ್ಸಿನ ಲಿಲಿ ಹೂ ಇದ್ದರೆ 1801ಕ್ಕೂ ಹಿಂದಿನದು. ಮೂರು ಮಿಲಿಮೀಟರ್ ಜಾಗದಲ್ಲಿ ಇಷ್ಟು ಮಾಹಿತಿ ಕೂತಿರುತ್ತದೆ, ಕೆರೆದು ಹಾಕಿದರೆ ಹೋಯಿತು.

ಅಕ್ಷರಗಳಿದ್ದರೆ ಕೆಲಸ ಇನ್ನೂ ಹಗುರ. ವಿ.ಆರ್. ಎಂದರೆ ವಿಕ್ಟೋರಿಯಾ. ಅದರ ಜೊತೆ ಐ ಸೇರಿ ವಿ.ಆರ್.ಐ. ಆಗಿದ್ದರೆ ಆಕೆಯನ್ನು ಭಾರತದ ಚಕ್ರವರ್ತಿನಿ ಎಂದು ಸಾರಿದ 1877ರ ಜನವರಿ 1ರ ನಂತರದ್ದು. ಜಿ.ಆರ್.ಐ. ಎಂದರೆ ಐದನೆಯ ಅಥವಾ ಆರನೆಯ ಜಾರ್ಜ್. ಈಸ್ಟ್ ಇಂಡಿಯಾ ಕಂಪನಿಯ ಗುರುತಿದ್ದರೆ 1858ಕ್ಕೆ ಹಿಂದಿನದು, ಆ ವರ್ಷ ಆಡಳಿತ ರಾಣಿಯ ಕೈಗೆ ಹೋಯಿತು. ಮದ್ರಾಸ್ ಸೈನ್ಯದ ಕಾಲ್ದಳಗಳ ವಿಷಯದಲ್ಲಿ ಒಂದು ಲೆಕ್ಕ ನೆನಪಿಟ್ಟುಕೊಳ್ಳಿ: 1903ರಲ್ಲಿ ಭಾರತದ ಬ್ರಿಟಿಷ್ ಸೇನಾಧಿಪತಿ ಕಿಚನರ್ ನಂಬರುಗಳನ್ನು ಮರುಜೋಡಿಸಿದಾಗ ಹಳೆಯ ಮದ್ರಾಸ್ ನಂಬರಿಗೆ 60 ಸೇರಿಸಿದರು. 1ನೆಯದು 61 ಆಯಿತು, 3ನೆಯದು 63 ಆಯಿತು. 1922ರಲ್ಲಿ ಮತ್ತೆ ಎಲ್ಲ ಬದಲಾಯಿತು. ಹಾಗಾಗಿ ಅರವತ್ತರ ಮೇಲಿನ ಮದ್ರಾಸ್ ದಳದ ನಂಬರು ಕಂಡರೆ ಹತ್ತೊಂಬತ್ತು ವರ್ಷದ ಕಿಟಕಿಯೊಳಗೆ ಬಂದಿರಿ.

ಗಂಡಭೇರುಂಡ ಕಂಡರೆ ಮೈಸೂರು ಸಂಸ್ಥಾನ ಎಂದು ಥಟ್ಟನೆ ಹೇಳಿಬಿಡುತ್ತೇವೆ. ತುಸು ತಾಳಿ. ಇಂದಿನ ಕರ್ನಾಟಕ ಸರ್ಕಾರದ ಲಾಂಛನದಲ್ಲೂ ಗಂಡಭೇರುಂಡ ಇದೆ, ಆನೆಮುಖದ ಸಿಂಹಗಳೂ ಇವೆ. ಮೇಲೆ ನಾಲ್ಕು ಸಿಂಹವಿದ್ದು ಕೆಳಗೆ 'ಸತ್ಯಮೇವ ಜಯತೇ' ಇದ್ದರೆ ಅದು ಗಣರಾಜ್ಯದ ಕಾಲದ್ದು. 'ಸತ್ಯಮೇವೋದ್ಧರಾಮ್ಯಹಂ' ಎಂದಿದ್ದರೆ ಒಡೆಯರ ಕಾಲದ್ದು. ಸವೆದ ಗುಂಡಿಯಲ್ಲಿ ಈ ಸಾಲು ಓದಲಾಗದು, ಆಗ ಮೇಲ್ತುದಿಯ ಆಕಾರ ಸಿಂಹದ ತಲೆಗಳೋ ಅಲ್ಲವೋ ಎಂಬುದನ್ನು ಮಾತ್ರ ನೋಡಿ. ಇಂಗ್ಲಿಷ್ ಅಕ್ಷರಗಳಲ್ಲಿ 'ಕೆಎಸ್' ಎಂದು ಶುರುವಾಗುವ ಪೊಲೀಸ್, ಸಾರಿಗೆ ಇಲಾಖೆಯ ಗುಂಡಿ, ಬಕಲ್ಲುಗಳು 1973ರ ನವೆಂಬರ್ 1ರ ನಂತರದವು, ಅದಕ್ಕೆ ಮುಂಚೆ ರಾಜ್ಯದ ಹೆಸರೇ ಮೈಸೂರು. ಬಸ್ ಕಂಡಕ್ಟರರ ಸಾಮಾನಿನ ಮೇಲೆ ಎಂಜಿಆರ್‌ಟಿಡಿ (ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ) ಎಂದಿದ್ದರೆ 1948ರಿಂದ 1961, ಎಂಎಸ್‌ಆರ್‌ಟಿಸಿ (ಮೈಸೂರು ರಾಜ್ಯ ರಸ್ತೆ ಸಾರಿಗೆ ನಿಗಮ) ಎಂದಿದ್ದರೆ 1961ರಿಂದ 1973.

ರೈಲಿನ ಗುಂಡಿಗಳಲ್ಲಿ ನಮ್ಮ ಕಡೆ ಮುಖ್ಯವಾದದ್ದು ಎಂ ಅಂಡ್ ಎಸ್‌ಎಂ, ಅಂದರೆ ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆ. ಅದು 1908ರಲ್ಲಿ ಹುಟ್ಟಿ 1951ರ ಏಪ್ರಿಲ್ 14ರಂದು ಸದರ್ನ್ ರೈಲ್ವೆಯಲ್ಲಿ ಸೇರಿತು. ಇದಕ್ಕಿಂತ ಚೊಕ್ಕವಾದ ಗಡುವು ಬೇರೆ ಗುಂಡಿಗೆ ಸಿಗುವುದು ಕಷ್ಟ. ಬರೀ 'ಎಸ್.ಆರ್.' ಎಂದಿದ್ದರೆ ಎಚ್ಚರ, ಇಂಗ್ಲೆಂಡಿನಲ್ಲೂ 1923ರಿಂದ 1947ರವರೆಗೆ ಸದರ್ನ್ ರೈಲ್ವೆ ಇತ್ತು. ಗುಜರಿ ಅಂಗಡಿಯ ರಾಶಿಯಲ್ಲಿ ಸಿಕ್ಕಿದ್ದಾದರೆ ಎರಡೂ ಸಾಧ್ಯ.

ಕೆಜಿಎಫ್‌ನ ಮಟ್ಟಿಗೆ ಇನ್ನೊಂದು ಸಾಲು ಇದೆ. ಗಣಿಯ ಯುರೋಪಿಯನ್, ಆಂಗ್ಲೋ ಇಂಡಿಯನ್ ನೌಕರರ ಸ್ವಯಂಸೇವಕ ದಳ ಇಲ್ಲಿತ್ತು. 'ವಾಲಂಟಿಯರ್' ಎಂಬ ಮಾತಿದ್ದರೆ 1917ಕ್ಕೆ ಹಿಂದಿನದು. 'ಎ.ಎಫ್.ಐ.', ಅಂದರೆ ಆಕ್ಸಿಲಿಯರಿ ಫೋರ್ಸ್ ಇಂಡಿಯಾ, ಎಂದಿದ್ದರೆ 1920ರಿಂದ 1947. ಇವು ಕಡಿಮೆ ಸಿಗುತ್ತವೆ. ಸಿಕ್ಕಾಗ ಹರಾಜಿನ ಬೆಲೆ ಹುಡುಕುವುದಕ್ಕಿಂತ ಎಲ್ಲಿ ಸಿಕ್ಕಿತು ಎಂದು ಬರೆದಿಡುವುದು ಮೇಲು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಪ್ಯಾಂಟಿನ ಗುಂಡಿ, ಪಿಂಗಾಣಿ ಗುಂಡಿ

ಕೆಜಿಎಫ್, ಊರಿಗಾಂ, ಮಾರಿಕುಪ್ಪಂ ಸುತ್ತ ರಾಶಿಯಲ್ಲಿ ಸಿಗುವುದು ಯಾವ ಲಾಂಛನವೂ ಇಲ್ಲದ, ನಾಲ್ಕು ತೂತಿನ, ನಡು ತಗ್ಗಿದ ಲೋಹದ ಗುಂಡಿ. ಪ್ಯಾಂಟಿಗೆ, ಪ್ಯಾಂಟನ್ನು ಹೆಗಲಿನಿಂದ ಎತ್ತಿ ಹಿಡಿಯುವ ಗ್ಯಾಲಿಸ್ ಪಟ್ಟಿಗೆ ಹಾಕುತ್ತಿದ್ದದ್ದು. ಅಗಲ ಸಾಮಾನ್ಯವಾಗಿ 14ರಿಂದ 17 ಮಿಲಿಮೀಟರ್. ಅಂಚಿನ ಸುತ್ತ 'ಬೆಸ್ಟ್ ರಿಂಗ್ ಎಡ್ಜ್', 'ಅವರ್ ಓನ್ ಮೇಕ್', 'ಫಾರ್ ಜೆಂಟಲ್‌ಮೆನ್', 'ಎಕ್ಸೆಲ್ಸಿಯರ್' ಎಂಬ ಮಾತುಗಳಿರುತ್ತವೆ. ಇವನ್ನು ಅಂಗಡಿಯ ಹೆಸರೆಂದು ಹುಡುಕಿ ಬಳಲಬೇಡಿ, ಸಿದ್ಧ ಅಚ್ಚಿನ ಹೊಗಳಿಕೆಯಷ್ಟೆ. ಹತ್ತೊಂಬತ್ತನೆಯ ಶತಮಾನದ ನಡುವಿನಿಂದ ಇಪ್ಪತ್ತನೆಯ ಶತಮಾನದ ನಡುವಿನವರೆಗೆ ಇವು ಬಂದವು, ಇದಕ್ಕಿಂತ ಬಿಗಿಯಾಗಿ ಹೇಳಲಾಗದು. ದರ್ಜಿಯ ನಿಜವಾದ ಹೆಸರು ಮತ್ತು ಊರು ಎರಡೂ ಇದ್ದರೆ ಮಾತ್ರ ಹಳೆಯ ವಿಳಾಸ ಪುಸ್ತಕಗಳಲ್ಲಿ ಹುಡುಕಿ ನೋಡಬಹುದು.

ಅಳತೆ ಬರೆಯುವಾಗ ಮಿಲಿಮೀಟರಿನಲ್ಲೇ ಬರೆಯಿರಿ. ದರ್ಜಿಗಳು, ಗುಂಡಿ ಅಂಗಡಿಯವರು ಹೇಳುವ 'ಲೈನ್' ಲೆಕ್ಕದಲ್ಲಿ 40 ಲೈನ್ ಎಂದರೆ ಒಂದು ಇಂಚು, ಒಂದು ಲೈನ್ 0.635 ಮಿಲಿಮೀಟರ್. ಈಗಿನ ಅಂಗಿಯ ಗುಂಡಿ 18 ಲೈನ್, ಅಂದರೆ ಸುಮಾರು 11.4 ಮಿಲಿಮೀಟರ್.

ಬಿಳಿ ಪಿಂಗಾಣಿ ಗುಂಡಿಯನ್ನು ಗಾಜು ಎಂದುಕೊಳ್ಳುವವರು ಬಹಳ. ಬೆನ್ನು ನೋಡಿದರೆ ಅನುಮಾನ ಹೋಗುತ್ತದೆ: ಮುಖ ನಯವಾಗಿ ಹೊಳೆಯುತ್ತದೆ, ಬೆನ್ನು ಕಿತ್ತಳೆ ಸಿಪ್ಪೆಯಂತೆ ಸಣ್ಣ ಗುಳಿಗುಳಿ. ಒಣ ಮಣ್ಣಿನ ಪುಡಿಯನ್ನು ಅಚ್ಚಿನಲ್ಲಿ ಒತ್ತಿ ಸುಟ್ಟು ಮಾಡುವ ಈ ವಿಧಾನಕ್ಕೆ ಪ್ರಾಸರ್ ಎಂಬಾತ 1840ರಲ್ಲಿ ಪೇಟೆಂಟ್ ಪಡೆದ. ಅದಕ್ಕಿಂತ ಹಿಂದಿನ ಯಾವುದಕ್ಕೂ ಇವು ಸಾಕ್ಷಿಯಾಗವು.

ಚಿಪ್ಪಿನ ಗುಂಡಿ ಕೆನ್ನೆಗೆ ತಾಗಿಸಿದರೆ ತಣ್ಣಗಿರುತ್ತದೆ, ಅಂಚಿನಲ್ಲಿ ಪದರ ಪದರ ಕಾಣುತ್ತದೆ. ಎಲ್ಲವೂ ವಿಲಾಯಿತಿಯದಲ್ಲ, ಬಿಹಾರದ ಮೆಹ್ಸಿಯಲ್ಲಿ ನದಿಯ ಚಿಪ್ಪಿನಿಂದ ಗುಂಡಿ ಮಾಡುವ ಕಸುಬು ಇಪ್ಪತ್ತನೆಯ ಶತಮಾನದ ಆರಂಭದಿಂದ ಇದೆ. ಮೂಳೆಯ ಗುಂಡಿಯಲ್ಲಿ ಭೂತಗನ್ನಡಿಗೆ ಸಣ್ಣ ಕಪ್ಪು ಚುಕ್ಕೆ, ಗೀರುಗಳು ಕಾಣುತ್ತವೆ, ಅವು ರಕ್ತನಾಳದ ದಾರಿಗಳು. ನಡುವೆ ಒಂದೇ ತೂತಿರುವ ಮೂಳೆಯ ಬಿಲ್ಲೆ ಬಟ್ಟೆ ಮುಚ್ಚಿದ ಗುಂಡಿಯ ಒಳತಿರುಳಾಗಿರಬಹುದು, ಪೂರ್ತಿ ಗುಂಡಿ ಎಂದು ಬರೆಯಬೇಡಿ. ಹೊಂಬಣ್ಣದ, ಗೀರುಗೀರಾದ ತೆಂಗಿನ ಚಿಪ್ಪಿನ ಗುಂಡಿ ತಿಪಟೂರಿನ ಕಡೆಯವರಿಗೆ ಗುರುತು ಹೇಳಬೇಕಿಲ್ಲ.

ಪ್ಲಾಸ್ಟಿಕ್ಕಿನಂತೆ ಕಾಣುವುದಕ್ಕೆ ಕಾದ ಸೂಜಿ ಚುಚ್ಚಿ ನೋಡುವ ಪದ್ಧತಿ ಇದೆ. ದಯವಿಟ್ಟು ಮಾಡಬೇಡಿ, ಸೆಲ್ಯುಲಾಯ್ಡ್ ಆಗಿದ್ದರೆ ಭಗ್ಗನೆ ಹತ್ತಿಕೊಳ್ಳುತ್ತದೆ. ಬಿಸಿನೀರಿನಲ್ಲಿ ಹತ್ತು ಸೆಕೆಂಡ್ ಅದ್ದಿ ಮೂಗಿನ ಬಳಿ ಹಿಡಿದರೆ ಸಾಕು. ಕರ್ಪೂರದ ವಾಸನೆ ಬಂದರೆ ಸೆಲ್ಯುಲಾಯ್ಡ್, 1870ರ ದಶಕದಿಂದ ಈಚಿನದು. ಸುಟ್ಟ ಹಾಲಿನ ವಾಸನೆಯಾದರೆ ಹಾಲಿನ ಕೇಸೀನ್, ಸುಮಾರು 1900ರಿಂದ ಈಚೆಗೆ. ಫಿನಾಯಿಲಿನ ಹತ್ತಿರದ ಘಾಟು ಬಂದರೆ ಬೇಕಲೈಟ್, ಅದು 1907ರ ನಂತರ.

ಬಕಲ್ಲುಗಳು

ಬಕಲ್ಲಿನಲ್ಲಿ ನೋಡಬೇಕಾದದ್ದು ಚೌಕಟ್ಟು, ನಡುಕಂಬಿ, ಮುಳ್ಳು, ಈ ಮೂರು. ಚೌಕಟ್ಟು ಪಾದದ ಮೇಲ್ಭಾಗಕ್ಕೆ ಹೊಂದುವಂತೆ ಬಾಗಿದ್ದು, ಎರಡು ಬದಿಯಲ್ಲಿ ಕಂಬಿ ತೂರಿಸಲು ಕೊರೆದ ತೂತಿದ್ದರೆ ಅದು ಶೂ ಬಕಲ್. ತೂತು ಕೊರೆದು ಬೇರೆ ಕಂಬಿ ಹಾಕುವ ರೀತಿ 1720ರ ಸುಮಾರಿನಿಂದ ಬಂದದ್ದು. ಒಳಗಿನ ಕಬ್ಬಿಣದ ಭಾಗ ತುಕ್ಕಾಗಿ ಹೋಗಿ ಹಿತ್ತಾಳೆ ಚೌಕಟ್ಟೊಂದೇ ಸಿಗುವುದು ಸಾಮಾನ್ಯ, ಅದನ್ನು ಫೋಟೋ ಫ್ರೇಮಿನ ತುಂಡು ಎಂದು ಎಸೆದವರೂ ಇರಬಹುದು. 1790ರ ದಶಕದಲ್ಲಿ ಶೂಗೆ ದಾರ ಕಟ್ಟುವ ಫ್ಯಾಷನ್ ಬಂದು ಬಕಲ್ ಉದ್ಯಮ ಕುಸಿಯಿತು. ಬರ್ಮಿಂಗ್‌ಹ್ಯಾಮಿನ ಬಕಲ್ ಕೆಲಸಗಾರರು ಕಾಪಾಡಿ ಎಂದು ಯುವರಾಜನಿಗೆ ಅರ್ಜಿ ಕೊಟ್ಟದ್ದು 1791ರಲ್ಲಿ, ನಂದಿದುರ್ಗ ಬಿದ್ದ ವರ್ಷವೇ. ನಮ್ಮ ಬೆಟ್ಟದ ತಪ್ಪಲಿನಲ್ಲಿ ಶೂ ಬಕಲ್ ಸಿಕ್ಕರೆ ಅದಕ್ಕೆ ಬೆಲೆ ಕೊಡಿ, ಅದರ ಕಾಲ ಅಷ್ಟು ಬೇಗ ಮುಗಿದಿತ್ತು.

ಎರಡು ದುಂಡು ಬಿಲ್ಲೆಗಳ ನಡುವೆ ಎಸ್ ಅಕ್ಷರದ ಹಾವಿರುವ ಕೊಕ್ಕೆ ಹತ್ತೊಂಬತ್ತನೆಯ ಶತಮಾನದ ಸೈನಿಕ ಬೆಲ್ಟುಗಳಲ್ಲಿ ಇತ್ತು ನಿಜ, ಶಾಲೆ ಹುಡುಗರ ಬೆಲ್ಟಿನಲ್ಲಿ ಇಪ್ಪತ್ತನೆಯ ಶತಮಾನದಲ್ಲೂ ಇತ್ತು. ಹಾವು ದಪ್ಪ ಎರಕದ್ದೋ, ತೆಳು ತಂತಿಯದ್ದೋ, ತಗಡು ಒತ್ತಿದ್ದೋ ನೋಡಿ. ತೆಳುವಾದಷ್ಟೂ ಈಚಿನದು.

ಕ್ಯಾನ್ವಾಸ್ ಬೆಲ್ಟಿನ ಹಿತ್ತಾಳೆ ಕೊಕ್ಕೆಗೆ ಮುಳ್ಳಿರುವುದಿಲ್ಲ, ಒಂದರೊಳಗೊಂದು ಸಿಕ್ಕಿಕೊಳ್ಳುತ್ತವೆ. ಒಳ ಅಗಲ ಅಳೆಯಿರಿ. ಸುಮಾರು 76 ಮಿಲಿಮೀಟರ್ ಇದ್ದರೆ 1908ರ ಮಾದರಿ, ಸುಮಾರು 57 ಇದ್ದರೆ 1937ರ ಮಾದರಿ. ಸರ್ಕಾರದ ಸೊತ್ತು ಎಂದು ಹಾಕುವ ಬಾಣದ ಗುರುತಿನ ಕೆಳಗೆ 'ಐ' ಅಕ್ಷರ ಇದ್ದರೆ ಭಾರತದಲ್ಲೇ ತಯಾರಾದದ್ದು. ಆದರೆ 1937ರ ಮಾದರಿ ಸ್ವಾತಂತ್ರ್ಯದ ನಂತರವೂ ಸೈನ್ಯ, ಪೊಲೀಸ್, ಎನ್‌ಸಿಸಿಯಲ್ಲಿ ಮುಂದುವರಿಯಿತು. ಅಳತೆ ನೋಡಿ ಎರಡನೇ ಮಹಾಯುದ್ಧದ್ದು ಎನ್ನಲಾಗದು. ಎನ್‌ಸಿಸಿ ಅಕ್ಷರವಿದ್ದರಂತೂ 1948ರ ಈಚೆಗೇ.

ಗ್ಯಾಲಿಸ್ ಕ್ಲಿಪ್ಪಿನ ಮೇಲೆ ವಜ್ರಾಕಾರದ ಮುದ್ರೆ, ಮೂಲೆಗಳಲ್ಲಿ ಅಕ್ಷರ ಇದ್ದರೆ ಅದು ಬ್ರಿಟನ್ನಿನ ಡಿಸೈನ್ ನೋಂದಣಿ, 1842ರಿಂದ 1883. 'ಆರ್‌ಡಿ ನಂಬರ್' ಎಂದು ಅಂಕಿ ಇದ್ದರೆ 1884ರಿಂದ ಈಚೆಗೆ.

ಡಿ ಆಕಾರದ ಕಬ್ಬಿಣದ ಬಕಲ್ಲು, ಕಂಬಿಯ ಮೇಲೆ ಉರುಳುವ ಕೊಳವೆ ಇದ್ದರೆ ಅದು ಜಟಕಾ ಕುದುರೆಯ ಸಾಮಾನು. ಪಟ್ಟಿ ಎಳೆದಾಗ ತೊಗಲು ಸವೆಯದಿರಲಿ ಎಂದು ಆ ಕೊಳವೆ. ಇದಕ್ಕೆ ಕಾಲ ಹೇಳಲು ಹೋಗಬೇಡಿ.

ಜವಾನರ ಡವಾಲಿಯ, ಅಂದರೆ ಹೆಗಲ ಪಟ್ಟಿಯ, ಹಿತ್ತಾಳೆ ಬಿಲ್ಲೆ ಓದುವಾಗ ಜಿಲ್ಲೆಯ ಗಡಿ ನೆನಪಿರಲಿ. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದದ್ದು 2007ರಲ್ಲಿ, ಅದಕ್ಕೆ ಮುಂಚೆ ಚಿಂತಾಮಣಿ, ಗೌರಿಬಿದನೂರಿನ ಬಿಲ್ಲೆಯ ಮೇಲೂ ಕೋಲಾರ ಎಂದೇ ಇರುತ್ತದೆ. ಬೌರಿಂಗ್‌ಪೇಟೆ ಎಂದಿದ್ದರೆ ಅದು ಇಂದಿನ ಬಂಗಾರಪೇಟೆ.

ಸಿಕ್ಕ ಜಾಗವನ್ನು ಎಷ್ಟು ನಂಬಬಹುದು

ಗುಂಡಿ ಹೇಳುವುದು ತಯಾರಾದ ಕಾಲ, ಬಿದ್ದ ಕಾಲ ಅಲ್ಲ. ಹರಿದ ಕೋಟಿನ ಗುಂಡಿಯನ್ನು ಕತ್ತರಿಸಿ ಡಬ್ಬಿಯಲ್ಲಿಟ್ಟು ಮಗನ ಕೋಟಿಗೆ ಹೊಲಿಯುವುದು ಎಲ್ಲ ಮನೆಯಲ್ಲೂ ಇತ್ತು, ಸೈನ್ಯದ ಹಳೆ ಬಟ್ಟೆ ಸಂತೆಯಲ್ಲಿ ಮಾರಾಟವಾಗುತ್ತಿತ್ತು. ಒಂದೇ ಗುಂಡಿಯಿಂದ ಇಲ್ಲಿ ದಂಡು ಬೀಡುಬಿಟ್ಟಿತ್ತು ಎಂದು ಬರೆಯುವುದು ತಪ್ಪು. ನಮ್ಮ ಕಡೆ ಇನ್ನೆರಡು ತೊಡಕು. ಹರಿದ ಬಟ್ಟೆ ತಿಪ್ಪೆ ಸೇರಿ, ತಿಪ್ಪೆ ಗೊಬ್ಬರದ ಜೊತೆ ಗುಂಡಿ ಹೊಲಕ್ಕೆ ಹೋಗುತ್ತದೆ, ಆಗ ಅದು ಊರಿನ ಗುಂಡಿಯೇ ಹೊರತು ಹೊಲದ್ದಲ್ಲ. ಕೆರೆಯ ಹೂಳು ತೆಗೆದು ಟ್ರಾಕ್ಟರಿನಲ್ಲಿ ಹೊಡೆಸಿದ ಹೊಲವಾದರೆ ಗುಂಡಿ ಮೈಲಿಗಟ್ಟಲೆ ದೂರದಿಂದ ಬಂದಿರಬಹುದು. ಹೊಲದವರನ್ನು ಕೇಳಿ: ಹೂಳು ಹೊಡೆಸಿದ್ದೀರಾ, ಯಾವ ವರ್ಷ, ಯಾವ ಕೆರೆಯದ್ದು? ಮಣ್ಣಿನ ಬಣ್ಣವೂ ಹೇಳುತ್ತದೆ, ಕೆಂಪು ಹೊಲದ ನಡುವೆ ಕಪ್ಪು ಪಟ್ಟಿ ಕಂಡರೆ ಅದು ಹೂಳು.

ಹುಡುಕುವುದಕ್ಕೂ ಮಿತಿಯಿದೆ. ಪುರಾತತ್ವ ಇಲಾಖೆಯ ಬೋರ್ಡಿರುವ ಕೋಟೆ, ಗುಡಿ, ಶಾಸನಗಳ ಆವರಣದಲ್ಲಿ ಅಗೆಯುವುದು 1958ರ ಕಾಯ್ದೆಯಂತೆ ಅಪರಾಧ, ಸಂರಕ್ಷಿತ ಗಡಿಯಿಂದ 100 ಮೀಟರ್ ನಿಷೇಧಿತ ವಲಯ. ನೂರು ವರ್ಷ ದಾಟಿದ ವಸ್ತು 1972ರ ಕಾಯ್ದೆಯಲ್ಲಿ ಪುರಾತನ ವಸ್ತು ಎನಿಸಿಕೊಳ್ಳಬಹುದು, ಅದನ್ನು ಹೊರದೇಶಕ್ಕೆ ಮಾರುವಂತಿಲ್ಲ. ಗುಂಡಿಯ ಬದಲು ನಾಣ್ಯದ ಕುಡಿಕೆ, ಒಡವೆ ಸಿಕ್ಕರೆ ಕೈ ಹಿಂದೆ ತೆಗೆದು ಜಿಲ್ಲಾಧಿಕಾರಿಗಳ ಕಚೇರಿಗೆ ತಿಳಿಸಬೇಕು. ಬೇರೆಯವರ ಹೊಲವಾದರೆ ಒಪ್ಪಿಗೆ ಮೊದಲು, ಹುಡುಕಾಟ ಆಮೇಲೆ. ಮೇಲ್ಮೈಯಲ್ಲಿ ಕಂಡದ್ದನ್ನು ಎತ್ತಿಕೊಳ್ಳುವುದಷ್ಟೇ ಸಾಕು ಎಂಬುದು ನನ್ನ ನಿಲುವು. ಗುದ್ದಲಿ ಹಾಕಿದರೆ ಪದರ ಕಲಸಿ, ಮುಂದೆ ಬರುವ ಸಂಶೋಧಕರಿಗೆ ಏನೂ ಉಳಿಯುವುದಿಲ್ಲ. ಕೆಜಿಎಫ್‌ನ ಸೈನೈಡ್ ದಿಬ್ಬಗಳಿಗೆ ಯಾವ ಕಾರಣಕ್ಕೂ ಹೋಗಬೇಡಿ. ಗಣಿ 2001ರ ಫೆಬ್ರುವರಿ 28ಕ್ಕೆ ಮುಚ್ಚಿದರೂ ಆ ದೂಳು ಶ್ವಾಸಕೋಶಕ್ಕೆ ಇಂದಿಗೂ ಕೆಡುಕೇ. ಅದು ಅರೆದ ಕಲ್ಲಿನ ಪುಡಿ, ಅಲ್ಲಿ ಗುಂಡಿ ಸಿಗುವುದೂ ಇಲ್ಲ.

ಪ್ರತಿ ಗುಂಡಿಗೂ ಒಂದು ಜಿಪ್ ಕವರು, ಒಳಗೆ ಪೆನ್ಸಿಲಿನಲ್ಲಿ ಬರೆದ ಚೀಟಿ. ಜೆಲ್ ಪೆನ್ನಿನ ಶಾಯಿ ತೇವಕ್ಕೆ ಹರಡುತ್ತದೆ. ಚೀಟಿಯಲ್ಲಿ ದಿನಾಂಕ, ಊರು, ಸರ್ವೆ ನಂಬರು, ಮೊಬೈಲಿನ ಮ್ಯಾಪ್ ತೋರಿಸುವ ಅಕ್ಷಾಂಶ ರೇಖಾಂಶ, ಅಗಲ, ಮ್ಯಾಗ್ನೆಟ್ ಹಿಡಿಯಿತೋ ಇಲ್ಲವೋ, ಕೊಂಡಿಯ ಬಗೆ, ಓದಲು ಸಿಕ್ಕ ಅಕ್ಷರ, ಹೊಲಕ್ಕೆ ಹೂಳು ಬಿದ್ದಿದೆಯೋ ಇಲ್ಲವೋ. ಕಾಲವನ್ನು ಒಂದೇ ವರ್ಷವಾಗಿ ಬರೆಯದೆ 'ಇದಕ್ಕಿಂತ ಹಿಂದಿನದಲ್ಲ, ಇದಕ್ಕಿಂತ ಈಚಿನದಲ್ಲ' ಎಂದು ಎರಡು ಅಂಕಿಯಲ್ಲಿ ಬರೆಯಿರಿ. ಆ ಎರಡರ ಪಕ್ಕದಲ್ಲಿ ಯಾವ ಗುರುತಿನಿಂದ ಹಾಗೆ ಹೇಳಿದಿರಿ ಎಂಬುದನ್ನೂ ಬರೆದರೆ, ನಾಳೆ ಇನ್ನೊಬ್ಬರು ಅದೇ ಗುಂಡಿಯ ಬೆನ್ನು ನೋಡಿ ನಿಮ್ಮನ್ನು ತಿದ್ದಬಹುದು.